ಐಟಿಐ ಬಡಗಿ ತರಬೇತಿ: ಮೊದಲು ಉಳಿಗೆ ಸಾಣೆ ಹಿಡಿಯಿರಿ

ಐಟಿಐಗಳಲ್ಲಿ ಕಾರ್ಪೆಂಟರ್ ಟ್ರೇಡ್ ಒಂದು ವರ್ಷದ್ದು. ಎಂಟನೇ ತರಗತಿ ಪಾಸಾಗಿ 14 ವರ್ಷ ತುಂಬಿದವರು ಸೇರಬಹುದು. ಹುಡುಗಿಯರೂ ಸೇರಬಹುದು, ಸೇರಬೇಕು. ಎಲೆಕ್ಟ್ರಿಷಿಯನ್, ಫಿಟ್ಟರ್ ಟ್ರೇಡ್‌ಗಳ ಹಾಗೆ ಇದು ಎಲ್ಲ ಊರಲ್ಲೂ ಸಿಗದು, ವಿಚಾರಿಸಿ ಅರ್ಜಿ ಹಾಕಿ. ಖಾಸಗಿ ಸಂಸ್ಥೆಯಾದರೆ ಈ ಟ್ರೇಡ್‌ಗೇ ಮಾನ್ಯತೆ ಇದೆಯೇ ಎಂದು ಕಾಗದ ನೋಡಿದ ಮೇಲೆ ಶುಲ್ಕ ಕಟ್ಟಿ.

ಸೇರಿದ ಮೇಲೆ ಆಗುವ ಒಂದು ತಪ್ಪಿದೆ. ವರ್ಕ್‌ಶಾಪ್‌ನಲ್ಲಿ ಕಲಿಸುವಾಗ ವರ್ಷವರ್ಷವೂ ಅದನ್ನೇ ಕಂಡಿದ್ದೇನೆ. ಜೋಡಣೆ ಸಡಿಲವಾದರೆ ಮಕ್ಕಳು ಮರವನ್ನು ಬೈಯುತ್ತಾರೆ, ಕೊನೆಗೆ ಸಂದಿಗೆ ಗೋಂದು ತುಂಬುತ್ತಾರೆ. ಅವರ ಉಳಿ ಕೈಗೆ ತೆಗೆದುಕೊಂಡು ನೋಡಿದರೆ ಬಾಯಿ ಮೊಂಡು. ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಬಲ ಹಾಕಿದಷ್ಟೂ ಗೆರೆ ದಾಟಿ ಜಾರುತ್ತದೆ, ಎಡಗೈಗೆ ನಾಟುತ್ತದೆ. ಹರಿತವಾದ ಉಳಿಗಿಂತ ಮೊಂಡು ಉಳಿಯೇ ಹೆಚ್ಚು ಕೈ ಕೊಯ್ದದ್ದನ್ನು ನೋಡಿದ್ದೇನೆ.

ಅಂಗಡಿಯಿಂದ ತಂದ ಹೊಸ ಉಳಿಯೂ ಕೆಲಸಕ್ಕೆ ಸಿದ್ಧವಿರುವುದಿಲ್ಲ. ಒಂದು ಬದಿ ಒರಟು, ಇನ್ನೊಂದು ಬದಿ ನಯವಿರುವ ಕಾರ್ಬೊರಂಡಂ ಕಲ್ಲು ತೆಗೆದುಕೊಳ್ಳಿ. ಕಲ್ಲು ಅಲುಗಾಡದಂತೆ ಕೂರಿಸಿ, ನಾಲ್ಕು ಹನಿ ತೆಳು ಎಣ್ಣೆ ಬಿಡಿ. ಎಲ್ಲರೂ ಓರೆ ಮುಖದಿಂದ ಶುರುಮಾಡುತ್ತಾರೆ. ನೀವು ಚಪ್ಪಟೆ ಹಿಂಬದಿಯಿಂದ ಶುರುಮಾಡಿ. ತುದಿಯ ಎರಡು ಮೂರು ಸೆಂಟಿಮೀಟರ್ ಭಾಗವನ್ನು ಕಲ್ಲಿಗೆ ಪೂರ್ತಿ ಒರಗಿಸಿ, ಅಂಚಿನವರೆಗೂ ಒಂದೇ ಹೊಳಪು ಬರುವ ತನಕ ಉಜ್ಜಿ. ಹಿಂಬದಿ ಸಪಾಟಾಗದೆ ಮುಂಬದಿಯನ್ನು ಎಷ್ಟು ಮಸೆದರೂ ಅಂಚು ನಿಲ್ಲದು. ಈ ಕೆಲಸ ಒಮ್ಮೆ ಆದರೆ ಸಾಕು, ಅರ್ಧ ದಿನ ಹಿಡಿದರೂ ಬೇಸರಪಡಬೇಡಿ.

ಆಮೇಲೆ ಓರೆ ಮುಖ. ಕೋನ ಅಳೆಯುವ ಸಾಧನ ಇಲ್ಲದಿದ್ದರೆ ಚಿಂತೆಯಿಲ್ಲ: ಓರೆಯ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ ಅದು 30 ಡಿಗ್ರಿ. ಆ ಕೋನ ಬಿಡದೆ, ಮಣಿಕಟ್ಟು ತೂಗಾಡಿಸದೆ ಒರಟು ಬದಿಯಲ್ಲಿ ಮಸೆಯಿರಿ. ಕೈ ತೂಗಿದರೆ ಓರೆ ಮುಖ ಉಬ್ಬುತ್ತದೆ, ಅಂಚು ಮರ ಕಚ್ಚುವುದಿಲ್ಲ. ಹಿಂಬದಿಯ ಅಂಚಿನಲ್ಲಿ ಬೆರಳಿಗೆ ಸಣ್ಣ ಸಿಬಿರು ತಾಗಿದರೆ ಒರಟು ಕಲ್ಲಿನ ಕೆಲಸ ಮುಗಿಯಿತು. ನಯ ಬದಿಯಲ್ಲಿ ಮತ್ತೆ ಮಸೆದು, ಹಿಂಬದಿಯನ್ನು ಚಪ್ಪಟೆಯಾಗಿ ಒರಗಿಸಿ ಎರಡು ಸಲ ಎಳೆದರೆ ಸಿಬಿರು ಉದುರುತ್ತದೆ.

ಹೆಬ್ಬೆರಳ ಮೇಲೆ ಹರಿತ ನೋಡಬೇಡಿ. ಮೆದು ಮರದ ತುಂಡನ್ನು ವೈಸ್‌ಗೆ ಬಿಗಿದು, ಗರಗಸ ಅಡ್ಡ ಕೊಯ್ದ ತುದಿಯನ್ನು ಕೈಬಲದಲ್ಲೇ ಸವರಿ. ಕೊಯ್ದ ಜಾಗ ಹೊಳೆದರೆ ಸರಿ. ಪುಡಿಯಾಗಿ ಬಿಳಿಚಿದರೆ ಮತ್ತೆ ಕಲ್ಲಿಗೆ ಹೋಗಿ.

ಅವಸರಕ್ಕೆ ಗ್ರೈಂಡರ್ ಹಿಡಿಯುವವರಿಗೆ ಒಂದು ಮಾತು. ಅಂಚು ನೀಲಿಗೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತು, ಆ ಭಾಗವನ್ನು ಸವೆಸಿ ತೆಗೆಯದೆ ದಾರಿಯಿಲ್ಲ. ಅಂಚು ಮುರಿದಾಗ ಮಾತ್ರ ಗ್ರೈಂಡರ್ ಬಳಸಿ, ಕ್ಷಣಕ್ಷಣಕ್ಕೂ ನೀರಲ್ಲಿ ಅದ್ದಿ.

ಈಗ ಜೋಡಣೆ. ಮೂಲೆಮಟ್ಟ ಇಟ್ಟು ಪೆನ್ಸಿಲ್ ಬದಲು ಚಾಕುವಿನಲ್ಲಿ ಗೀರು ಹಾಕಿ, ಗರಗಸವನ್ನು ಬಿಸಾಡುವ ಭಾಗದ ಕಡೆ ಓಡಿಸಿ. ತೂತಿಗೆ ಕೂರುವ ನಾಲಿಗೆ ಮರದ ದಪ್ಪದ ಮೂರರಲ್ಲೊಂದಿರಲಿ: 30 ಮಿಲಿಮೀಟರ್ ದಪ್ಪಕ್ಕೆ 10. ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಾಗಲು ಶೇ 60 ಅಂಕ ಬೇಕು, ಸಡಿಲ ಜೋಡಣೆಗೆ ಅಂಕ ಕೊಡುವುದು ಕಷ್ಟ.

ಕಪಾಟಿನ ಕೆಲಸಕ್ಕೆ ಜಾಗ ಉಳಿದಿಲ್ಲ; ಮುಖ್ಯವಾದ ಎರಡು ಮಾತು. ಮರ ಹಿಗ್ಗುವುದು, ಕುಗ್ಗುವುದು ನಾರಿಗೆ ಅಡ್ಡಲಾಗಿ. ಹಾಗಾಗಿ ಗಟ್ಟಿಮರದ ಬಾಗಿಲಿನ ಹಲಗೆಯನ್ನು ಚೌಕಟ್ಟಿಗೆ ಅಂಟಿಸದೆ ಅದರ ತೋಡಿನಲ್ಲಿ ಸಡಿಲ ಬಿಡಿ. ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಐಎಸ್‌ಐ ಮುದ್ರೆ ಓದಿ: ಸಾಮಾನ್ಯ ಬಳಕೆಗೆ ಐಎಸ್ 303, ಮರೈನ್ ಪ್ಲೈ ಆದರೆ ಐಎಸ್ 710.

ಕೋರ್ಸ್ ಮುಗಿದ ಕೂಡಲೇ ಅಪ್ರೆಂಟಿಸ್‌ಶಿಪ್‌ಗೆ ಹೆಸರು ನೋಂದಾಯಿಸಿ. ಸ್ಟೈಪೆಂಡ್ ಸಿಗುತ್ತದೆ. ಹೋಗುವಾಗ ನಿಮ್ಮದೇ ಉಳಿ ಒಯ್ಯಿರಿ.