ಹೊಲದ ಎಣ್ಣೆಯೂ ವಿಷ, ಹಾವಿನದೂ ವಿಷ

ಕಡೇಚೂರಿನಿಂದ ತಾಯಿಯ ಜೊತೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: 'ಡಾಕ್ಟ್ರ, ಪಾಯ್ಸನ್ ಅಂದ್ರೂ ವಿಷ, ವೆನಮ್ ಅಂದ್ರೂ ವಿಷ. ಮತ್ತ ಎರಡು ಶಬ್ದ ಯಾಕ್ರಿ?'

ಒಳ್ಳೆಯ ಪ್ರಶ್ನೆ. ನುಂಗಿದಾಗ, ಉಸಿರಿನಲ್ಲಿ ಹೋದಾಗ ಅಥವಾ ಚರ್ಮಕ್ಕೆ ತಾಗಿದಾಗ ಕೆಡುಕು ಮಾಡುವುದು ಪಾಯ್ಸನ್. ಪ್ರಾಣಿಯೊಂದು ಹಲ್ಲಿನಿಂದಲೋ ಕೊಂಡಿಯಿಂದಲೋ ನಮ್ಮ ಮೈಯೊಳಗೆ ಚುಚ್ಚಿ ಸೇರಿಸುವುದು ವೆನಮ್. ಹತ್ತಿಗೆ ಹೊಡೆಯುವ ಎಣ್ಣೆ ಪಾಯ್ಸನ್. ಹಾವು, ಚೇಳಿನದು ವೆನಮ್.

ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಇರುವುದರಿಂದ ಉಪಚಾರವೂ ಒಂದೇ ಎಂದು ತಿಳಿಯಬೇಡಿ. ಹಾವು ಕಚ್ಚಿದವರಿಗೆ ವಾಂತಿ ಮಾಡಿಸಿ ಕರೆತರುವವರಿದ್ದಾರೆ. ವಿಷ ಇರುವುದು ಹೊಟ್ಟೆಯಲ್ಲಲ್ಲ, ವಾಂತಿಯಿಂದ ಏನು ಬಂದೀತು? ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, ನಡೆಸದೆ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ತನ್ನಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷದ ಇಂಜೆಕ್ಷನ್ ಇದೆ. ಅದನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಹಾಗಾಗಿ ಹಾವನ್ನು ಹೊಡೆದು ತರುವ ಸಾಹಸ ಬೇಡ.

ಕೀಟನಾಶಕಕ್ಕೆ ಈ ಇಂಜೆಕ್ಷನ್ ಕೆಲಸ ಮಾಡದು. ಎಣ್ಣೆ ಹೊಡೆಯುವಾಗ ಮೈಮೇಲೆ ಚೆಲ್ಲಿ, ಬೆವರು, ಜೊಲ್ಲು ಸುರಿಯತೊಡಗಿ, ಕಣ್ಣು ಮಂಜಾದರೆ ಬಟ್ಟೆ ಕಳಚಿ, ಸಾಬೂನು ಹಚ್ಚಿ ಮೈ ತೊಳೆಯಿರಿ. ತೊಳೆಯುವವರು ತಮ್ಮ ಕೈಗೂ ತಾಗದಂತೆ ನೋಡಿಕೊಳ್ಳಬೇಕು. ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂಬೇಡಿ; ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಗಂಡಾಂತರ. ಬಾಟಲಿಯನ್ನು ಮಾತ್ರ ಮರೆಯದೆ ತನ್ನಿ. ಅದರ ಮೇಲಿನ ಹೆಸರು ನೋಡಿಯೇ ನಾವು ಔಷಧ ನಿರ್ಧರಿಸುವುದು.

ಎರಡೂ ಗೊಂದಲವಾಗುವ ಸಂದರ್ಭ ಒಂದಿದೆ. ರಾತ್ರಿ ನೆಲದ ಮೇಲೆ ಮಲಗಿದ ಮಗು ನಸುಕಿನಲ್ಲಿ ಎದ್ದು ಹೊಟ್ಟೆನೋವೆಂದು ಅಳುತ್ತದೆ. ಮನೆಯವರು ರಾತ್ರಿ ಉಂಡದ್ದು ವಿಷವಾಯಿತೆಂದು ಸುಮ್ಮನಿರುತ್ತಾರೆ. ಆದರೆ ಕಟ್ಟುಹಾವು ನಿದ್ದೆಯಲ್ಲಿರುವವರನ್ನು ಕಚ್ಚಿದರೆ ನೋವಾಗಲಿ, ಬಾವಾಗಲಿ ಬಹುತೇಕ ಇರುವುದಿಲ್ಲ, ಗುರುತೂ ಕಾಣದಿರಬಹುದು. ಹೊಟ್ಟೆನೋವಿನ ಜೊತೆ ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಉಗುಳು ನುಂಗಲಾಗದಿದ್ದರೆ ಅದು ಊಟದ ದೋಷವಲ್ಲ. ಮುಂದೆ ಉಸಿರೇ ನಿಲ್ಲಬಹುದು. ಬೆಳಗಾಗಲೆಂದು ಕಾಯದೆ ಹೊರಡಿ; ಪ್ರತಿವಿಷದ ಜೊತೆಗೆ ಉಸಿರಾಟದ ಯಂತ್ರವೂ ಬೇಕಾದೀತು.

ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಮಂತ್ರ ಹಾಕಿಸಿ ಮನೆಗೆ ಹೋದವರ ಲೆಕ್ಕ ಮಾತ್ರ ನಮ್ಮ ರಿಜಿಸ್ಟರಿಗೆ ಬರುವುದಿಲ್ಲ.