ಬಿಡಿಯಾಗಿ ಕೊಳ್ಳುವ ಎಲೆಕ್ಟ್ರಾನಿಕ್ ಭಾಗಗಳು: ಗ್ರಾಹಕರಿಗೂ ವರ್ತಕರಿಗೂ ಕೆಲವು ಲೆಕ್ಕಗಳು

ಎಲೆಕ್ಟ್ರಾನಿಕ್ ಬಿಡಿಭಾಗಗಳ ವ್ಯಾಪಾರವೆಂದರೆ ಅದು ಬೆಂಗಳೂರಿನ ಎಸ್.ಪಿ. ರಸ್ತೆಯವರ ಕಸುಬು, ಎರಡು ರೂಪಾಯಿಯ ರೆಸಿಸ್ಟರ್ ಮಾರಿ ನಮ್ಮ ಪೇಟೆಯಲ್ಲಿ ಅಂಗಡಿಯ ಬಾಡಿಗೆ ಹುಟ್ಟದು ಎಂಬ ಮಾತನ್ನು ವರ್ತಕರಿಂದ ಕೇಳುತ್ತೇವೆ. ಬಿಡಿಭಾಗಗಳನ್ನಷ್ಟೇ ನಂಬಿ ಅಂಗಡಿ ತೆರೆಯುವವರ ಮಟ್ಟಿಗೆ ಈ ಮಾತು ಸರಿಯೇ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಈಗಾಗಲೇ ಫ್ಯಾನಿನ ಕಂಡೆನ್ಸರ್, ಹೋಲ್ಡರ್, ವಯರು ಮಾರುತ್ತಿರುವ ಎಲೆಕ್ಟ್ರಿಕಲ್ ಅಂಗಡಿಯವರು ಒಂದು ಕಪಾಟಿನಷ್ಟು ಜಾಗವನ್ನು ಇದಕ್ಕೆ ಬಿಟ್ಟುಕೊಟ್ಟರೆ ಲೆಕ್ಕ ಬೇರೆಯಾಗುತ್ತದೆ. ಆ ಲೆಕ್ಕವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಕೊಳ್ಳುವವರು ಯಾರೆಂಬುದನ್ನು ಮೊದಲು ಗಮನಿಸಬೇಕು. ಬೆಂಜನಪದವು, ಉಜಿರೆ, ಮಿಜಾರುಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೆಲಸವೆಂಬುದು ವರ್ಷ ವರ್ಷವೂ ತಪ್ಪದು. ಟಿ.ವಿ., ಇನ್ವರ್ಟರ್, ಮೊಬೈಲ್ ದುರಸ್ತಿಯನ್ನು ಕಸುಬಾಗಿಸಿಕೊಂಡ ಮೆಕ್ಯಾನಿಕರು ಪ್ರತಿ ಪೇಟೆಯಲ್ಲಿಯೂ ಇದ್ದಾರೆ. ತೋಟದ ಪಂಪಿಗೆ ತಾನೇ ಟೈಮರ್ ಕಟ್ಟಿಕೊಳ್ಳುವ, ಟ್ಯಾಂಕಿನ ನೀರಿನ ಮಟ್ಟ ತೋರಿಸುವ ಸಾಧನವನ್ನು ತಾನೇ ಜೋಡಿಸುವ ಹವ್ಯಾಸಿ ಮೂರನೆಯವನು. ಮೂವರಿಗೂ ಬೇಕಾದುದು ಸಾವಿರವಲ್ಲ; ಒಂದು, ಎರಡು, ಹೆಚ್ಚೆಂದರೆ ಹತ್ತು.

ಇಲ್ಲಿಯೇ ತೊಡಕು. ಈ ವಸ್ತುಗಳು ತಯಾರಾಗುವುದೂ ಸಾಗುವುದೂ ದೊಡ್ಡ ಸಂಖ್ಯೆಯಲ್ಲಿ. ಯಂತ್ರದಿಂದ ಜೋಡಿಸುವ 0805 ಅಳತೆಯ ಪುಟ್ಟ ರೆಸಿಸ್ಟರುಗಳು ಸಾಮಾನ್ಯವಾಗಿ 5000ದ ರೀಲಿನಲ್ಲಿ ಬರುತ್ತವೆ. 14 ಕಾಲಿನ ಐಸಿಗಳು 25ರ ಪ್ಲಾಸ್ಟಿಕ್ ಕೊಳವೆಯಲ್ಲಿ. ಬಿಡಿಯಾಗಿ ಕೊಡಬೇಕೆಂದರೆ ಯಾರೋ ಒಬ್ಬರು ಕಟ್ಟನ್ನು ಒಡೆದು, ಎಣಿಸಿ, ಹೆಸರು ಬರೆದು ಇಡಬೇಕು. ಬಿಡಿ ಗ್ರಾಹಕನು ತೆರುವ ಬೆಲೆಯಲ್ಲಿ ಬಹುಪಾಲು ಈ ಎಣಿಕೆಯ ಕೂಲಿಯೇ ಹೊರತು ವಸ್ತುವಿನ ಕ್ರಯವಲ್ಲ. ಇದನ್ನು ಗ್ರಾಹಕರೂ ಅರಿತುಕೊಳ್ಳುವುದು ಒಳ್ಳೆಯದು. ಮೂವತ್ತು ಪೈಸೆಯ ಮಾಲಿಗೆ ಎರಡು ರೂಪಾಯಿಯೇ ಎಂದು ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುವವರು, ತಾವು ಅದೇ ಮಾಲಿಗಾಗಿ ಬಿ.ಸಿ. ರೋಡಿನಿಂದ ಬೆಂಗಳೂರಿನ ಬಸ್ಸು ಹತ್ತಿದರೆ ತಗಲುವ ವೆಚ್ಚವನ್ನೊಮ್ಮೆ ಲೆಕ್ಕ ಹಾಕಲಿ. ಅಂಚೆಯಲ್ಲೋ ಕೊರಿಯರಿನಲ್ಲೋ ತರಿಸಿದರೂ ನೂರು ರೂಪಾಯಿಯ ಸಾಮಾನಿಗೆ ಸಾಗಣೆಯೇ ಅಷ್ಟಾಗುವುದುಂಟು. ಬಂದ ಹನ್ನೆರಡು ಭಾಗಗಳಲ್ಲಿ ಒಂದು ತಪ್ಪಾಗಿದ್ದರೆ ಆ ಒಂದಕ್ಕಾಗಿ ಮತ್ತೊಮ್ಮೆ ಸಾಗಣೆ.

ರೆಸಿಸ್ಟರುಗಳ ದಾಸ್ತಾನು

ವರ್ತಕರು ಹೆದರುವುದು ಬಗೆಗಳ ಸಂಖ್ಯೆಗೆ. ಆದರೆ ರೆಸಿಸ್ಟರಿನ ಮೌಲ್ಯಗಳಿಗೆ ಒಂದು ಕ್ರಮವಿದೆ. ‘ಇ12’ ಎಂಬ ಶ್ರೇಣಿಯಲ್ಲಿ 10, 12, 15, 18, 22, 27, 33, 39, 47, 56, 68, 82 ಎಂಬ ಹನ್ನೆರಡೇ ಅಂಕಿಗಳು. ಮುಂದಿನವೆಲ್ಲ ಇವುಗಳ ಹತ್ತು ಪಟ್ಟು, ನೂರು ಪಟ್ಟು. ಶೇಕಡಾ 10ರ ವ್ಯತ್ಯಾಸವನ್ನು ಒಪ್ಪಿಕೊಂಡರೆ ಒಂದರ ಮೇಲಂಚು ಮುಂದಿನದರ ಕೆಳಅಂಚಿಗೆ ಹೆಚ್ಚು ಕಡಿಮೆ ತಾಗುವಂತೆ ಇವನ್ನು ಆರಿಸಲಾಗಿದೆ. 10 ಓಂನಿಂದ 1 ಮೆಗಾ ಓಂವರೆಗೆ ಎಣಿಸಿದರೆ ಒಟ್ಟು 61 ಮೌಲ್ಯಗಳು, ಅಂದರೆ 61 ಖಾನೆಗಳು. ಬಿಡಿ ಒಂದಕ್ಕೆ ನಮಗೆ 50 ಪೈಸೆ ಬೀಳುವುದೆಂದು ಇಟ್ಟುಕೊಂಡರೆ, ಪ್ರತಿಯೊಂದನ್ನೂ ನೂರರಂತೆ ತುಂಬಿಸಲು 3050 ರೂಪಾಯಿ ಸಾಕು. ಸಾವಿರದ ಕಟ್ಟಿನಲ್ಲಿ ಅದೇ ವಸ್ತು 30 ಪೈಸೆಗೆ ಸಿಕ್ಕೀತು. ಆ ಆಸೆಗೆ ಎಲ್ಲವನ್ನೂ ಸಾವಿರದಂತೆ ತಂದರೆ 18,300 ರೂಪಾಯಿ ಹೂಡಿ, 1 ಕಿಲೋ ಓಂ ಖಾಲಿಯಾಗುವಷ್ಟರಲ್ಲಿ 82 ಓಂನ ಕಟ್ಟು ಬಿಚ್ಚದೆ ಉಳಿದಿರುತ್ತದೆ. ಆದುದರಿಂದ ಎಲ್ಲವನ್ನೂ ನೂರರಂತೆ ತಂದು, ಬೇಗ ಓಡುವ 220, 330, 470 ಓಂ, 1, 4.7, 10, 100 ಕಿಲೋ ಓಂ ಮುಂತಾದವನ್ನು ಮಾತ್ರ ಸಾವಿರದಂತೆ ತರುವುದು ಲೇಸು. ಹತ್ತಕ್ಕೆ ಹತ್ತು ರೂಪಾಯಿ ಎಂದು ಪೊಟ್ಟಣ ಕಟ್ಟಿಟ್ಟರೆ ಎಣಿಸುವ ಕೆಲಸವನ್ನು ಗಿರಾಕಿಯಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ಮುಗಿಸಿಕೊಳ್ಳಬಹುದು. ಎರಡು ಮೂರು ರೂಪಾಯಿಗೆ ಚಿಲ್ಲರೆ ಹುಡುಕುವ ಕಷ್ಟವೂ 2016ರಲ್ಲಿ ಯುಪಿಐ ಬಂದ ಬಳಿಕ ಮೊದಲಿನಂತಿಲ್ಲ.

ಕೆಪಾಸಿಟರುಗಳಲ್ಲಿ ಈ ಧಾರಾಳ ಸಲ್ಲದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಕಪಾಟಿನಲ್ಲಿ ಕುಳಿತಲ್ಲಿಯೇ ವಯಸ್ಸಾಗುವ ವಸ್ತು. ಐದಾರು ವರ್ಷ ಕೂತದ್ದನ್ನು ಹೊಸತೆಂದು ಮಾರಿದರೆ ಮೆಕ್ಯಾನಿಕರ ಹೆಸರೂ ಕೆಡುತ್ತದೆ. ಕಡಿಮೆ ತಂದು ಬೇಗ ತೀರಿಸುವುದೇ ಕ್ರಮ. ವೋಲ್ಟೇಜ್ ಹೆಚ್ಚಿನದನ್ನು ಕಡಿಮೆಯ ಸ್ಥಾನದಲ್ಲಿ ಹಾಕಬಹುದು, ತಿರುಗಿಸಿ ಮಾಡಲಾಗದು. ಹಾಗಾಗಿ 16 ವೋಲ್ಟಿನದನ್ನು ಬಿಟ್ಟು 25ರದ್ದನ್ನೇ ಇಟ್ಟರೆ ಎರಡು ಖಾನೆಯ ಕೆಲಸ ಒಂದರಲ್ಲಿ ಆಗುತ್ತದೆ. 85 ಡಿಗ್ರಿಯದಕ್ಕಿಂತ 105 ಡಿಗ್ರಿಯದೇ ಮೇಲು. ಇವನ್ನು ತಯಾರಿಸುವ ಕೆಲ್ಟ್ರಾನಿನ ಬಿಡಿಭಾಗ ಕಾರ್ಖಾನೆ ನಮಗೆ ದೂರವೇನಲ್ಲ, ಕಣ್ಣೂರಿನಲ್ಲಿಯೇ ಇದೆ.

ಸಿಡಿಲಿನ ಕಾಲದ ಒಂದು ಸಣ್ಣ ಬಿಲ್ಲೆ

ಘಟ್ಟದ ತಪ್ಪಲಿನಲ್ಲಿ ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್ ತಿಂಗಳುಗಳ ಸಂಜೆಯ ಸಿಡಿಲು ಎಷ್ಟು ಮನೆಗಳ ಟಿ.ವಿ., ಇಂಟರ್‌ನೆಟ್ ಪೆಟ್ಟಿಗೆ, ಇನ್ವರ್ಟರುಗಳನ್ನು ಸುಡುತ್ತದೆಂಬುದನ್ನು ಬೆಳ್ತಂಗಡಿಯವರಿಗೆ ಹೇಳಬೇಕಾಗಿಲ್ಲ. ಅನೇಕ ಉಪಕರಣಗಳ ಒಳಗೆ, ಕರೆಂಟು ಪ್ರವೇಶಿಸುವ ಸ್ಥಳದಲ್ಲಿ, ನೀಲಿಯ ಅಥವಾ ಬೇರೆ ಬಣ್ಣದ ಗುಂಡು ಬಿಲ್ಲೆಯೊಂದಿರುತ್ತದೆ. ಇದು ವೇರಿಸ್ಟರ್. ಮಾಮೂಲು ವೋಲ್ಟೇಜಿನಲ್ಲಿ ಸುಮ್ಮನಿದ್ದು, ಮಿತಿ ಮೀರಿದ ಒಡನೆ ತಾನು ವಿದ್ಯುತ್ತನ್ನು ಹರಿಯಗೊಟ್ಟು ಫ್ಯೂಸನ್ನು ಹಾರಿಸುವುದು ಇದರ ಕೆಲಸ. ಪ್ರತಿ ಹೊಡೆತಕ್ಕೂ ಇದು ಸ್ವಲ್ಪ ಸವೆಯುತ್ತದೆ, ದೊಡ್ಡ ಹೊಡೆತಕ್ಕೆ ಸೀಳಿ ಹೋಗುತ್ತದೆ. ನಮ್ಮ 230 ವೋಲ್ಟಿಗೆ ಬಳಸುವವುಗಳಲ್ಲಿ ಸಾಮಾನ್ಯವಾದುದರ ಮೇಲೆ 431 ಎಂಬ ಗುರುತಿರುತ್ತದೆ. ಅದು 430 ವೋಲ್ಟ್ ಎಂಬುದರ ಸಂಕೇತ, ನಿರಂತರ ಬಳಕೆಯ ಮಿತಿ ಎ.ಸಿ. 275 ವೋಲ್ಟ್.

ಈಗ ನಡೆಯುವುದೇನು? ಮೆಕ್ಯಾನಿಕರು ಸೀಳಿದ ಬಿಲ್ಲೆಯನ್ನು ಕಿತ್ತು, ಫ್ಯೂಸ್ ಬದಲಿಸಿ, ಉಪಕರಣವನ್ನು ನಡೆಸಿ ಕೊಡುತ್ತಾರೆ. ಬಿಲ್ಲೆಯಿಲ್ಲದೆಯೂ ಟಿ.ವಿ. ಚೆನ್ನಾಗಿಯೇ ಓಡುವುದರಿಂದ ಮನೆಯವರಿಗೆ ಗೊತ್ತಾಗದು. ಮುಂದಿನ ಸಿಡಿಲಿಗೆ ಅಡ್ಡವಿಲ್ಲದೆ ಬೋರ್ಡೇ ಹೋಗುತ್ತದೆ. ಮೆಕ್ಯಾನಿಕರನ್ನು ದೂರಿ ಫಲವಿಲ್ಲ. ಹತ್ತು ಹದಿನೈದು ರೂಪಾಯಿಯ ಒಂದು ಬಿಲ್ಲೆಗಾಗಿ ಗಿರಾಕಿಯನ್ನು ನಾಲ್ಕು ದಿನ ಕಾಯಿಸುವುದು ಯಾರಿಂದಲೂ ಆಗದು. ಇದೊಂದನ್ನಾದರೂ, ಅದಕ್ಕೊಪ್ಪುವ ಗಾಜಿನ ಫ್ಯೂಸು ಮತ್ತು ಬ್ರಿಡ್ಜ್ ಡಯೋಡಿನೊಡನೆ, ಮಾರ್ಚ್ ಕೊನೆಯೊಳಗೆ ಐವತ್ತರಂತೆ ತರಿಸಿಡಿರೆಂದು ನಮ್ಮ ವರ್ತಕರಲ್ಲಿ ವಿಶೇಷವಾಗಿ ವಿನಂತಿ. ಮುಖ್ಯ ಲೈನಿಗೆ ಹಾಕುವ ಭಾಗವಾದುದರಿಂದ ಹೆಸರಿಲ್ಲದ ಮಾಲು ಬೇಡ. ಬದಲಿಸುವ ಕೆಲಸವೂ ತಿಳಿದವರದೇ.

ಬದಲಿ ಕೊಡುವಾಗ ಎಚ್ಚರ

ಕೇಳಿದ್ದು ಇಲ್ಲದಿದ್ದರೆ ಹೋಲುವುದನ್ನು ಕೊಡುವುದು ಅಂಗಡಿಯ ರೂಢಿ. ಇಲ್ಲಿ ಅದು ಹಲವು ಬಾರಿ ಸರಿಹೋಗುತ್ತದೆ, ಆದರೆ ಕಾಲುಗಳ ಕ್ರಮ ನೋಡಬೇಕು. ಬಿಸಿ547 ಎಂಬ ಟ್ರಾನ್ಸಿಸ್ಟರನ್ನು ಚಪ್ಪಟೆ ಮುಖ ನಮ್ಮೆಡೆಗೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್; ಅದರ ಬದಲಿಗೆ ನಡೆಯುವ 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. 5 ವೋಲ್ಟಿನ 7805ರಲ್ಲಿ ಒಳಬರುವುದು, ಗ್ರೌಂಡ್, ಹೊರಹೋಗುವುದು ಎಂಬ ಕ್ರಮ. ನೋಡಲು ಅದರಂತೆಯೇ ಇರುವ 7905 ಋಣ ವೋಲ್ಟೇಜಿನದು, ಕಾಲಿನ ಕ್ರಮವೂ ಬೇರೆ. ಪೊಟ್ಟಣದ ಮೇಲೆ ಒಂದು ಸಾಲು ಬರೆದುಕೊಟ್ಟರೆ ವಿದ್ಯಾರ್ಥಿಯ ಒಂದು ರಾತ್ರಿ ಉಳಿಯುತ್ತದೆ.

ಐಸಿಗಳಲ್ಲಿ ನಕಲಿಯ ಕಾಟವಿದೆ. ಹಳೆಯ ಬೋರ್ಡುಗಳಿಂದ ಕಿತ್ತವುಗಳ ಮೇಲ್ಮೈಯನ್ನು ಉಜ್ಜಿ ಹೊಸ ಹೆಸರು ಅಚ್ಚೊತ್ತುವುದುಂಟು. ಮಾಮೂಲು ದರದ ಕಾಲು ಭಾಗಕ್ಕೆ ಸಿಕ್ಕುವ ಮಾಲನ್ನು ಸಂಶಯಿಸಬೇಕು. ಒಂದರ ಮೇಲೆ ಉಗುರುಬಣ್ಣ ತೆಗೆಯುವ ಅಸಿಟೋನನ್ನು ಸವರಿ ಕಪ್ಪು ಬಣ್ಣ ಹತ್ತಿಗೆ ಅಂಟುವುದೇ ಎಂದು ನೋಡಬಹುದು. ನಾಲ್ಕಂಕಿಯ ತಾರೀಖು ಗುರುತಿದ್ದರೆ ಮೊದಲೆರಡು ವರ್ಷ, ಕೊನೆಯೆರಡು ವಾರ: 1834 ಎಂದರೆ 2018ರ 34ನೆಯ ವಾರ.

ಸಣ್ಣ ಊರಿನಿಂದ ಇದು ಆಗದೆಂಬ ಶಂಕೆಗೆ ಒಂದು ಉತ್ತರವಿದೆ. ಅಮೆರಿಕದ ಮಿನ್ನೆಸೋಟದಲ್ಲಿ ಹತ್ತು ಸಾವಿರ ಜನರೂ ಇಲ್ಲದ ಥೀಫ್ ರಿವರ್ ಫಾಲ್ಸ್ ಎಂಬ ಪಟ್ಟಣದಲ್ಲಿ 1972ರಲ್ಲಿ ಆರಂಭವಾದ ಡಿಜಿ-ಕೀ ಸಂಸ್ಥೆಯ ಮೂಲ, ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ ಮಾರಿದ ಒಂದು ಜೋಡಣಾ ಕಿಟ್. ಹವ್ಯಾಸಿಗಳಿಗೆ ಬಿಡಿಯಾಗಿ ಮಾರುತ್ತ ಬೆಳೆದ ಅದು ಇಂದು ಜಗತ್ತಿನ ದೊಡ್ಡ ಬಿಡಿಭಾಗ ವಿತರಕರಲ್ಲೊಂದು. ನಾವು ಅಷ್ಟು ದೂರದ ಕನಸು ಕಾಣಬೇಕಾಗಿಲ್ಲ. ಮೂರು ಪೇಟೆಗಳ ಮೂವರು ವರ್ತಕರು ತಿಂಗಳಿಗೊಮ್ಮೆ ಪಟ್ಟಿ ಕೂಡಿಸಿ ಸಗಟಾಗಿ ತರಿಸಿ ಹಂಚಿಕೊಂಡರೆ ಸಾಗಣೆ ಮೂರು ಪಾಲಾಗುತ್ತದೆ. ಒಬ್ಬರಲ್ಲಿ ತೀರಿದ್ದು ಇನ್ನೊಬ್ಬರಲ್ಲಿದ್ದರೆ ಸಿದ್ಧಕಟ್ಟೆಯ ದಾರಿಯಲ್ಲೋ ವೇಣೂರಿನ ದಾರಿಯಲ್ಲೋ ಓಡುವ ಬಸ್ಸಿನ ಕಂಡಕ್ಟರರ ಕೈಗೆ ಪೊಟ್ಟಣ ಕೊಟ್ಟರಾಯಿತು.

ತೆರಿಗೆಯ ಬಗ್ಗೆ ಎರಡು ಮಾತು. ಈ ಭಾಗಗಳ ಮೇಲೆ ಜಿಎಸ್‌ಟಿ ಸಾಮಾನ್ಯವಾಗಿ ಶೇಕಡಾ 18. ಕಾಂಪೋಸಿಶನ್ ಪದ್ಧತಿಯಲ್ಲಿರುವವರು ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಮರಳಿ ಪಡೆಯಲಾಗದುದರಿಂದ ಅದನ್ನು ಅಸಲಿಗೆ ಸೇರಿಸಿಯೇ ಮಾರಾಟದ ದರ ಕಟ್ಟಬೇಕು. ಮೂವರು ಕೂಡಿ ತರಿಸುವಾಗ ಮೂವರ ಹೆಸರಿಗೂ ಪ್ರತ್ಯೇಕ ಬಿಲ್ಲು ಮಾಡಿಸಿಕೊಳ್ಳುವುದು ಅವಶ್ಯ. ಸಾಮಾನ್ಯ ಪದ್ಧತಿಯವರಿಗೆ ಎರಡು ರೂಪಾಯಿಯ ಪ್ರತಿ ಮಾರಾಟಕ್ಕೂ ಬಿಲ್ಲು ಬರೆಯುವ ಕಷ್ಟವಿಲ್ಲ: ನೋಂದಣಿಯಿಲ್ಲದ ಗ್ರಾಹಕನು ಬಿಲ್ಲು ಕೇಳದಿದ್ದಾಗ 200 ರೂಪಾಯಿಗಿಂತ ಕಡಿಮೆಯ ಇಂಥ ಮಾರಾಟಗಳಿಗೆಲ್ಲ ದಿನದ ಕೊನೆಗೆ ಒಂದೇ ಒಟ್ಟು ಬಿಲ್ಲು ಮಾಡಿದರೆ ಸಾಕು. ಕಾಲೇಜಿಗೆ ಲೆಕ್ಕ ಒಪ್ಪಿಸಬೇಕಾದ ವಿದ್ಯಾರ್ಥಿಗಳು ಬಿಲ್ಲು ಕೇಳುತ್ತಾರೆ. ಅವರಿಗೆ ಮಾತ್ರ ಮೊತ್ತ ಎಷ್ಟೇ ಇರಲಿ ಬರೆದುಕೊಡಬೇಕು.