ಸಿಂಧನೂರಿನಿಂದ ಕೇದಾರದ ಕಡೆಗೆ: ವಿಮಾನದ ದೂರ, ದಾರಿಯ ತಾಸು ಲೆಕ್ಕ ಹಾಕುವುದು ಹೇಗೆ?

ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವ ಜಂಗಮರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯವರಿಗೆ ಆ ಯಾತ್ರೆ ದೂರದ್ದಾದರೂ ಪರಕೀಯವಲ್ಲ. ವಯಸ್ಸಾದ ತಂದೆ-ತಾಯಿಯನ್ನು ವಿಮಾನದಲ್ಲಿ ಕರೆದೊಯ್ಯುವವರು ಟಿಕೆಟ್ ತೆಗೆಸುವ ಮೊದಲೇ ಈ ಲೆಕ್ಕ ಮಾಡಿಕೊಳ್ಳಬೇಕು.

ಹಂತ 1: ನಿಲ್ದಾಣ ಗುರುತಿಸಿ
ಸಿಂಧನೂರಿಗೆ ಹತ್ತಿರದ್ದು ತೋರಣಗಲ್ಲಿನ ವಿದ್ಯಾನಗರ. ಉಕ್ಕಿನ ಕಾರ್ಖಾನೆಗೆಂದು ಕಟ್ಟಿದ ಈ ನಿಲ್ದಾಣದಿಂದ 2017ರಲ್ಲಿ ಉಡಾನ್ ಯೋಜನೆಯಡಿ ವಿಮಾನ ಶುರುವಾಯಿತು. ಲಿಂಗಸುಗೂರಿನವರು 2019ರಲ್ಲಿ ತೆರೆದ ಕಲಬುರಗಿಯನ್ನೂ ವಿಚಾರಿಸಬಹುದು. ಕೇದಾರದ ಕಡೆ ಇಳಿಯುವುದು ಡೆಹ್ರಾಡೂನಿನ ಜಾಲಿ ಗ್ರಾಂಟ್‌ನಲ್ಲಿ.

ಹಂತ 2: ನೇರ ದೂರ
ಮೊಬೈಲ್ ನಕ್ಷೆಯಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಅಂಕಿ ಬರುತ್ತವೆ: ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ವಿದ್ಯಾನಗರಕ್ಕೆ 15.2, 76.6, ಜಾಲಿ ಗ್ರಾಂಟ್‌ಗೆ 30.2, 78.2. ಅಕ್ಷಾಂಶದ ವ್ಯತ್ಯಾಸ 15. ಡಿಗ್ರಿಗೆ 111 ಕಿ.ಮೀ.ನಂತೆ 1,665 ಕಿ.ಮೀ. ರೇಖಾಂಶದ ವ್ಯತ್ಯಾಸ 1.6. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಇಲ್ಲಿ ಡಿಗ್ರಿಗೆ 102 ಕಿ.ಮೀ. ಹಿಡಿಯಿರಿ, 163 ಆಗುತ್ತದೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 1,670 ಕಿ.ಮೀ.

ಹಂತ 3: ಹಾರುವ ಹೊತ್ತು
ಜೆಟ್ ವಿಮಾನಕ್ಕೆ ತಾಸಿಗೆ 800 ಕಿ.ಮೀ., ಪಂಖದ ಎಟಿಆರ್‌ಗೆ 500. ಏರಿಳಿಯಲು ಅರ್ಧ ತಾಸು ಸೇರಿಸಿ. ಜೆಟ್ ನೇರವಾಗಿ ಹಾರಿದರೆ ಎರಡೂವರೆ ತಾಸು.

ಹಂತ 4: ನಿಜವಾದ ದಾರಿ
ಆದರೆ ಸಣ್ಣ ನಿಲ್ದಾಣದಿಂದ ಸಣ್ಣ ನಿಲ್ದಾಣಕ್ಕೆ ಹೋಗುವಾಗ ನಡುವೆ ವಿಮಾನ ಬದಲಿಸಬೇಕಾಗುತ್ತದೆ. ಬೆಂಗಳೂರಿನ ಮೂಲಕ ಹೋದರೆ ಉತ್ತರದ ಯಾತ್ರೆಗೆ ಮೊದಲು 250 ಕಿ.ಮೀ. ದಕ್ಷಿಣಕ್ಕೆ ಹಾರಬೇಕು, ಅಲ್ಲಿಂದ ಡೆಹ್ರಾಡೂನಿಗೆ ಮತ್ತೆ 1,890 ಕಿ.ಮೀ. ಒಟ್ಟು 2,140. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಸಿಗದಿದ್ದರೆ ನಡುವೆ ಕನಿಷ್ಠ ಮೂರು ತಾಸು ಬಿಡಿ. ಬೇರೆ ಬೇರೆ ಟಿಕೆಟ್ ಇದ್ದು ಮೊದಲ ವಿಮಾನ ತಡವಾದರೆ ಎರಡನೆಯದರ ಹಣ ಹೋಗಬಹುದು.

ಹಂತ 5: ಮನೆ ಬಾಗಿಲಿನಿಂದ ಎಣಿಸಿ
ಸಿಂಧನೂರಿನಿಂದ ತೋರಣಗಲ್ಲಿಗೆ ಮೂರು ತಾಸು, ನಿಲ್ದಾಣದಲ್ಲಿ ಎರಡು, ಬೆಂಗಳೂರಿಗೆ ಒಂದು, ಕಾಯುವುದು ಮೂರು, ಡೆಹ್ರಾಡೂನಿಗೆ ಮೂರು, ಲಗೇಜಿಗೆ ಅರ್ಧ, ಕೇದಾರದ ದಾರಿಯಲ್ಲಿರುವ ಹೃಷಿಕೇಶಕ್ಕೆ ಒಂದು. ಒಟ್ಟು ಹದಿಮೂರೂವರೆ. ರಾಯಚೂರು ಮೇಲೆ ಹೈದರಾಬಾದಿಗೆ ರಸ್ತೆಯಲ್ಲೇ ಆರು ತಾಸು ಹೋಗಿ, ಅಲ್ಲಿಂದ ನೇರ ವಿಮಾನ ಸಿಕ್ಕರೆ ಇದೇ ಲೆಕ್ಕದಲ್ಲಿ ಹನ್ನೆರಡು. ಮಸ್ಕಿ, ಲಿಂಗಸುಗೂರಿನವರು ಎರಡಕ್ಕೂ ತಮ್ಮ ಊರಿನಿಂದ ರಸ್ತೆಯ ಹೊತ್ತು ಕೂಡಿಸಿಕೊಳ್ಳಲಿ.

ಒಂದೂವರೆ ತಾಸು ಉಳಿಯುತ್ತದೆಂದು ಮೊಣಕಾಲು ನೋವಿರುವವರನ್ನು ಆರು ತಾಸು ಕಾರಿನಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಗಟ್ಟಿಮುಟ್ಟಾಗಿರುವವರಿಗೆ ಹೈದರಾಬಾದೇ ಲೇಸು. ವಿಮಾನಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಗೆ ಬದಲಾಗುತ್ತದೆ, ಕೇದಾರದ ಬಾಗಿಲು ತೆರೆಯುವುದು ಅದರ ನಂತರ. ಹೊಸ ಪಟ್ಟಿ ನೋಡದೆ ಟಿಕೆಟ್ ತೆಗೆಸಬೇಡಿ.